ಕೊರೆಯುವ ಯಂತ್ರದಲ್ಲಿ ಕ್ಯಾಮ್: ಎಷ್ಟು ಒಪ್ಪಿಸಬೇಕು, ಎಷ್ಟು ಉಳಿಸಿಕೊಳ್ಳಬೇಕು

ಲೋಹದಲ್ಲಿ ತೂತು ಕೊರೆಯುವಾಗ ಎರಡು ಚಲನೆಗಳು ಒಟ್ಟಿಗೇ ನಡೆಯುತ್ತವೆ. ಟೂಲ್ ಅಥವಾ ಜಾಬ್ (ಕೊರೆಯಬೇಕಾದ ತುಣುಕು) ತಿರುಗುತ್ತಿರುತ್ತದೆ; ತಿರುಗುತ್ತಲೇ ಟೂಲ್ ಲೋಹದೊಳಕ್ಕೆ ಇಷ್ಟಿಷ್ಟೇ ಮುಂದೆ ಸರಿಯುತ್ತದೆ. ಈ ಎರಡನೆಯದಕ್ಕೆ ವರ್ಕ್‌ಶಾಪ್‌ಗಳಲ್ಲಿ ಫೀಡ್ ಎನ್ನುತ್ತಾರೆ. ತಿರುಗಿಸುವ ಕೆಲಸವನ್ನು ಮನುಷ್ಯ ಬಹಳ ಹಿಂದೆಯೇ ಕುದುರೆಗೆ, ನೀರುಚಕ್ರಕ್ಕೆ, ಆಮೇಲೆ ಉಗಿಯಂತ್ರಕ್ಕೆ ವಹಿಸಿಕೊಟ್ಟ. ಫೀಡನ್ನು ವಹಿಸಿಕೊಡಲು ಮಾತ್ರ ಹಿಂದೆಮುಂದೆ ನೋಡಿದ. ಎಷ್ಟು ಒತ್ತಬೇಕು, ಎಲ್ಲಿ ನಿಲ್ಲಿಸಬೇಕು, ಯಾವಾಗ ಟೂಲನ್ನು ಹಿಂದಕ್ಕೆಳೆದು ಚೂರು ತೆಗೆಯಬೇಕು ಎಂಬ ತಿಳಿವಳಿಕೆಯಲ್ಲೇ ಕೊರೆಯುವವನ ಕಸುಬು ಅಡಗಿತ್ತು.

18ನೇ ಶತಮಾನದ ಕೊನೆಯಿಂದ ಸುಮಾರು ನೂರು ವರ್ಷಗಳ ಅವಧಿಯಲ್ಲಿ ಇಂಗ್ಲೆಂಡ್ ಮತ್ತು ಅಮೆರಿಕದ ಯಂತ್ರ ತಯಾರಕರು ಈ ಕಸುಬಿನ ಒಂದು ಪಾಲನ್ನು ಕ್ಯಾಮ್‌ಗೆ ವರ್ಗಾಯಿಸಿದರು. ಕ್ಯಾಮ್ ಎಂದರೆ ಅಂಚಿನಲ್ಲಿ ಏರುತಗ್ಗು ಕೊಟ್ಟ ಬಿಲ್ಲೆ, ಇಲ್ಲವೇ ಮೈಮೇಲೆ ಏಣು ಅಥವಾ ತೋಡು ಇರುವ ಉರುಳೆ. ಅದು ತಿರುಗಿದಂತೆ ಅದಕ್ಕೆ ತಾಗಿಕೊಂಡ ರೋಲರ್ ಸರಿದಾಡುತ್ತದೆ. ಆ ಸರಿದಾಟವೇ ಟೂಲನ್ನು ಮುಂದೆ ತಳ್ಳಿ ಹಿಂದೆ ತರುತ್ತದೆ. ಈ ವರ್ಗಾವಣೆ ಎಲ್ಲಿಯವರೆಗೆ ಹೋಗುವುದು ಸರಿ ಎಂಬ ಬಗ್ಗೆ ಒಮ್ಮತ ಮೂಡುವುದು ಸುಲಭವಲ್ಲ. ಕ್ಯಾಮನ್ನು ಇನ್ನಷ್ಟು ಸುಧಾರಿಸಿ ಇನ್ನಷ್ಟು ಕೆಲಸ ಒಪ್ಪಿಸಬೇಕಿತ್ತು ಎನ್ನುವವರ ಬಳಿಯೂ ಬಲವಾದ ಕಾರಣಗಳಿವೆ. ಅದಕ್ಕೊಂದು ಗಡಿ ಹಾಕಬೇಕಿತ್ತು ಎನ್ನುವವರ ಬಳಿಯೂ ಇವೆ. ಎರಡನ್ನೂ ಅವುಗಳ ಪೂರ್ಣ ತೂಕದೊಂದಿಗೆ ನೋಡುವುದು ಇಲ್ಲಿನ ಉದ್ದೇಶ.

ಮೊದಲು ಹಿನ್ನೆಲೆ. ಜೇಮ್ಸ್ ವ್ಯಾಟ್ 1769ರಲ್ಲಿ ತಮ್ಮ ಉಗಿಯಂತ್ರದ ಸುಧಾರಣೆಗೆ ಪೇಟೆಂಟ್ ಪಡೆದರು. ಆದರೆ ಪಿಸ್ಟನ್ನಿಗೆ ಹೊಂದುವಷ್ಟು ದುಂಡಗಿನ ಸಿಲಿಂಡರ್ ಕೊರೆದುಕೊಡುವವರು ಸಿಗದೆ ವರ್ಷಗಟ್ಟಲೆ ತೊಳಲಿದರು. ಜಾನ್ ಸ್ಮೀಟನ್ ಸ್ಕಾಟ್ಲೆಂಡಿನ ಕ್ಯಾರನ್ ಕಾರ್ಖಾನೆಗೆ ರೂಪಿಸಿದ ಬೋರಿಂಗ್ ಗಿರಣಿಯಲ್ಲಿ ಟೂಲ್ ಹಿಡಿದ ಸರಳಿಗೆ ಒಂದೇ ಕಡೆ ಭದ್ರ ಆಧಾರವಿತ್ತು; ಎರಕದ ತೂತು ಎತ್ತ ವಾಲಿತ್ತೋ ಟೂಲೂ ಅತ್ತಲೇ ವಾಲುತ್ತಿತ್ತು. 1775ರ ಹೊತ್ತಿಗೆ ಜಾನ್ ವಿಲ್ಕಿನ್ಸನ್ ವೇಲ್ಸ್‌ನ ಬರ್ಶ್ಯಮ್‌ನಲ್ಲಿ ಸರಳನ್ನು ಸಿಲಿಂಡರಿನ ಆಚೆಗೂ ಹಾಯಿಸಿ ಎರಡೂ ತುದಿಗಳಿಗೆ ಬೇರಿಂಗ್ ಕೊಟ್ಟರು. ಮರುವರ್ಷ ಟಿಪ್ಟನ್‌ನಲ್ಲಿ ನಿಲ್ಲಿಸಿದ 50 ಇಂಚು ವ್ಯಾಸದ ಸಿಲಿಂಡರಿನಲ್ಲಿ ಹಳೆಯ ಶಿಲ್ಲಿಂಗ್ ನಾಣ್ಯದ ದಪ್ಪದಷ್ಟೂ ತಪ್ಪಿಲ್ಲವೆಂದು ವ್ಯಾಟ್‌ರ ಪಾಲುದಾರ ಮ್ಯಾಥ್ಯೂ ಬೋಲ್ಟನ್ ಮೆಚ್ಚಿ ಬರೆದರು.

ಗಡಿ ಹಾಕಬೇಕೆನ್ನುವವರು ಇಲ್ಲಿಂದಲೇ ತಮ್ಮ ವಾದ ಆರಂಭಿಸಬಹುದು. ಕೊರೆಯುವ ಯಂತ್ರದ ಚರಿತ್ರೆಯಲ್ಲಿ ಇಷ್ಟು ದೊಡ್ಡ ಹೆಜ್ಜೆ ಬೇರೆ ಇಲ್ಲ. ಅದರಲ್ಲಿ ಕ್ಯಾಮ್‌ನ ಪಾತ್ರವೇ ಇರಲಿಲ್ಲ. ಗೆದ್ದದ್ದು ಬಾಗದ ಸರಳು ಮತ್ತು ಅಲುಗದ ಆಧಾರ. ಆ ಕಾಲದ ಬೋರಿಂಗ್ ಗಿರಣಿಗಳಲ್ಲಿ ಹಲ್ಲುಪಟ್ಟಿ, ಪಿನಿಯನ್ ಮತ್ತು ಸನ್ನೆಗೆ ತೂಗುಬಿಟ್ಟ ತೂಕ ಇವೇ ಫೀಡ್ ಕೊಡುತ್ತಿದ್ದವು. ತೂಕದ ಫೀಡಿಗೆ ಒಂದು ಗುಣವಿದೆ: ಎರಕದಲ್ಲಿ ಗಡಸು ಜಾಗ ಎದುರಾದರೆ ಅದು ತಾನಾಗಿ ನಿಧಾನಿಸುತ್ತದೆ, ಮೆದು ಜಾಗದಲ್ಲಿ ಮುಂದೋಡುತ್ತದೆ. ಲೋಹದ ಸ್ವಭಾವಕ್ಕೆ ಅದು ತಗ್ಗುತ್ತದೆ. ಕ್ಯಾಮ್ ಹಾಗೆ ತಗ್ಗುವುದಿಲ್ಲ. ಎರಕದ ಗುಣ ಒಂದೊಂದು ಸಲ ಒಂದೊಂದು ಬಗೆಯಾಗಿದ್ದ ಕಾಲದಲ್ಲಿ ಇದು ಸಣ್ಣ ಕೊರತೆಯಾಗಿರಲಿಲ್ಲ.

ಇದಕ್ಕೆ ಕ್ಯಾಮ್ ಪಕ್ಷದವರ ಉತ್ತರವೂ ನ್ಯಾಯವಾದದ್ದೇ. ವಿಲ್ಕಿನ್ಸನ್ ಕೊರೆದದ್ದು ಎಣಿಕೆಯ ಸಿಲಿಂಡರುಗಳನ್ನು. ಒಂದೊಂದರ ಮೇಲೂ ದಿನಗಟ್ಟಲೆ ನಿಗಾ ಇಡುವ ವ್ಯವಧಾನ ಅಲ್ಲಿತ್ತು. ಒಂದೇ ಬಗೆಯ ಸಾವಿರಾರು ತುಣುಕುಗಳು ಬೇಕಾದಾಗ ಪ್ರಶ್ನೆಯ ಸ್ವರೂಪವೇ ಬದಲಾಗುತ್ತದೆ. ಪೋರ್ಟ್ಸ್‌ಮತ್ ನೌಕಾನೆಲೆಯ ರಾಟೆ ಕಾರ್ಖಾನೆ ಇದಕ್ಕೆ ಸಾಕ್ಷಿ. ಹಾಯಿಹಡಗುಗಳ ಹಗ್ಗ ಹಾಯಿಸುವ ಮರದ ರಾಟೆಗಳು ಬ್ರಿಟಿಷ್ ನೌಕಾಪಡೆಗೆ ವರ್ಷಕ್ಕೆ ಸುಮಾರು ಒಂದು ಲಕ್ಷ ಬೇಕಿದ್ದವು. ಸ್ಯಾಮ್ಯುಯೆಲ್ ಬೆಂಥಮ್‌ರ ಮೇಲುಸ್ತುವಾರಿಯಲ್ಲಿ ಮಾರ್ಕ್ ಬ್ರುನೆಲ್ ರೂಪಿಸಿ ಹೆನ್ರಿ ಮಾಡ್‌ಸ್ಲಿ ನಿರ್ಮಿಸಿದ 45 ಯಂತ್ರಗಳು 1808ರಲ್ಲಿ 1,30,000 ರಾಟೆಗಳನ್ನು ಕೊಟ್ಟವು. 110 ಕುಶಲಕರ್ಮಿಗಳ ಕೆಲಸವನ್ನು ವಿಶೇಷ ತರಬೇತಿಯಿಲ್ಲದ 10 ಜನ ಮಾಡಿದರು. ಅಲ್ಲಿನ ಕಂಡಿ ಕೊರೆಯುವ ಯಂತ್ರವನ್ನೇ ನೋಡಿ: ಉಳಿ ಮೇಲೇರಿದಾಗಲೆಲ್ಲ ಮರದ ತುಂಡು ಒಂದಿಷ್ಟು ಮುಂದೆ ಸರಿಯುತ್ತಿತ್ತು, ಉಳಿ ಇಳಿದಾಗ ನಿಲ್ಲುತ್ತಿತ್ತು, ಕಂಡಿಯ ಉದ್ದ ಮುಗಿದೊಡನೆ ಚಲನೆ ತಾನೇ ಕಳಚಿಕೊಳ್ಳುತ್ತಿತ್ತು. ಹೊತ್ತು ನೋಡಿ ಮರ ಸರಿಸುವ, ಹೊತ್ತಿಗೆ ನಿಲ್ಲಿಸುವ ಜಾಣ್ಮೆಯನ್ನು ಯಂತ್ರದ ಅಂಗಗಳೇ ಹೊತ್ತುಕೊಂಡಿದ್ದವು.

ಆದರೆ ಅದೇ ಕಾರ್ಖಾನೆಯ ಇನ್ನೊಂದು ಯಂತ್ರ ಎದುರು ಪಕ್ಷಕ್ಕೆ ಸಾಕ್ಷಿ ಹೇಳುತ್ತದೆ. ಕಂಡಿಗೆ ಮೊದಲು ಮರದಲ್ಲಿ ತೂತು ಹಾಕುವ ಬೋರಿಂಗ್ ಯಂತ್ರದಲ್ಲಿ ಬೈರಿಗೆಯನ್ನು ತಿರುಗಿಸುತ್ತಿದ್ದುದು ಉಗಿ. ಮುಂದೆ ತಳ್ಳುತ್ತಿದ್ದುದು ಕೆಲಸಗಾರನ ಕೈಯಲ್ಲಿದ್ದ ಸನ್ನೆ. ಆಳ ಮೀರದಂತೆ ತಡೆ ಮಾತ್ರ ಇತ್ತು. ಅಷ್ಟೊಂದು ಸ್ವಯಂಚಾಲನೆ ಬಲ್ಲವರು ಇಲ್ಲಿ ಕೈಯನ್ನೇ ಉಳಿಸಿಕೊಂಡದ್ದಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ. ಮರದಲ್ಲಿ ಗಂಟು ಇರುತ್ತದೆ, ಎಳೆ ಓರೆಯಾಗಿರುತ್ತದೆ. ಕೊರೆಯುವ ಕೆಲಸ ಕೆಲವೇ ಕ್ಷಣಗಳದ್ದು. ಕೈಗೆ ತಟ್ಟುವ ಒತ್ತಡ ಕೆಲಸಗಾರನಿಗೆ ತಕ್ಷಣ ಸುದ್ದಿ ಕೊಡುತ್ತದೆ. ಎಲ್ಲವನ್ನೂ ಯಂತ್ರಕ್ಕೆ ಒಪ್ಪಿಸಬಲ್ಲವರೂ ಎಲ್ಲವನ್ನೂ ಒಪ್ಪಿಸಲಿಲ್ಲ ಎಂಬುದು ತೂಕದ ಮಾತು.

ಕ್ಯಾಮ್ ಪಕ್ಷ ಇಲ್ಲಿ ತನ್ನ ಅತಿ ಬಲವಾದ ವಾದವನ್ನು ಮುಂದಿಡುತ್ತದೆ. ಸ್ಕ್ರೂ ಆಗಲಿ, ಹಲ್ಲುಪಟ್ಟಿಯಾಗಲಿ ಸಾಮಾನ್ಯವಾಗಿ ಒಂದೇ ಬಗೆಯ ಚಲನೆ ಕೊಡುತ್ತದೆ: ಒಂದೇ ಸಮನೆ ಮುಂದಕ್ಕೆ, ಇಲ್ಲವೇ ಒಂದೇ ಸಮನೆ ಹಿಂದಕ್ಕೆ. ತೂತು ಕೊರೆಯುವವರಿಗೆ ಬೇಕಾದದ್ದು ಅಷ್ಟೇ ಅಲ್ಲ. ಟೂಲ್ ಲೋಹದ ಬಳಿಗೆ ಬೇಗ ಬರಬೇಕು, ತಾಗುವ ಮೊದಲು ನಿಧಾನಿಸಬೇಕು, ಸಮವೇಗದಲ್ಲಿ ಕೊರೆಯಬೇಕು, ಆಳವಾದ ತೂತಾದರೆ ನಡುವೆ ಹಿಂದೆ ಸರಿದು ಚೂರು ಹೊರಹಾಕಬೇಕು, ಕುರುಡು ತೂತಾದರೆ ತಳದಲ್ಲಿ ಕ್ಷಣಕಾಲ ನಿಂತು ಮೈ ನಯಗೊಳಿಸಬೇಕು, ಆಮೇಲೆ ಬೇಗ ಹೊರಬರಬೇಕು. ಈ ಇಡೀ ಕ್ರಮವನ್ನು ಒಂದೇ ಅಂಚಿನಲ್ಲಿ ಬರೆದಿಡುವ ಶಕ್ತಿ ಆ ಕಾಲದ ಅಂಗಗಳಲ್ಲಿ ಕ್ಯಾಮ್‌ಗೆ ಇದ್ದಷ್ಟು ಬೇರಾವುದಕ್ಕೂ ಇರಲಿಲ್ಲ. ಅಷ್ಟೇ ಅಲ್ಲ, ಒಂದೇ ಶಾಫ್ಟಿನ ಮೇಲೆ ನಾಲ್ಕಾರು ಕ್ಯಾಮ್ ಕೂರಿಸಿದರೆ ನಾಲ್ಕಾರು ಟೂಲ್‌ಗಳು ಒಂದಕ್ಕೊಂದು ತಾಗದೆ ಸರದಿಯಲ್ಲಿ ಬಂದು ಹೋಗುತ್ತವೆ. ಥಾಮಸ್ ಬ್ಲಾಂಚಾರ್ಡ್ 1818ರ ಸುಮಾರಿಗೆ ಬಂದೂಕಿನ ನಳಿಗೆಯ ದುಂಡು ಭಾಗವನ್ನೂ ಬುಡದ ಚಪ್ಪಟೆ, ಅಂಡಾಕಾರದ ಭಾಗಗಳನ್ನೂ ಒಂದೇ ಲೇತಿನಲ್ಲಿ ಕಡೆಯಲು ಸಾಧ್ಯವಾಗಿಸಿದ್ದು ಕ್ಯಾಮ್‌ನಿಂದಲೇ.

ಎದುರು ಪಕ್ಷ ರೇಖಾಗಣಿತದ ಕಡೆ ಬೆರಳು ತೋರಿಸುತ್ತದೆ. ಕ್ಯಾಮ್‌ನ ಇಳಿಜಾರು ಹೆಚ್ಚಾದರೆ ಅದು ರೋಲರನ್ನು ಮುಂದೆ ತಳ್ಳುವ ಬದಲು ಪಕ್ಕಕ್ಕೆ ಒತ್ತುತ್ತದೆ, ಸ್ಲೈಡ್ ಬಿಗಿಯುತ್ತದೆ, ಸವೆತ ಏರುತ್ತದೆ. ಆ ಕೋನ ಸುಮಾರು 30 ಡಿಗ್ರಿ ಮೀರದಿರಲಿ ಎಂಬುದು ವಿನ್ಯಾಸಕಾರರ ರೂಢಿ. ಈಗ ಲೆಕ್ಕ ಹಾಕೋಣ. 50 ಮಿಲಿಮೀಟರ್ ಆಳದ ತೂತು. ಉರುಳೆಯ ಒಂದು ಸುತ್ತಿನಲ್ಲಿ ಟೂಲ್ ಹಿಂದೆ ಸರಿಯಲು 40 ಡಿಗ್ರಿ ಬಿಟ್ಟಿದ್ದೇವೆ. ಕೋನ 30 ಡಿಗ್ರಿಯೊಳಗಿರಬೇಕಾದರೆ ಉರುಳೆಯ ವ್ಯಾಸ ಸುಮಾರು 250 ಮಿಲಿಮೀಟರ್ ಇರಬೇಕು. ಇದು ಒಪ್ಪಬಹುದಾದ ಗಾತ್ರ. ತೂತಿನ ಆಳ 500 ಮಿಲಿಮೀಟರ್ ಆದರೆ ಉರುಳೆ ಸುಮಾರು ಎರಡೂವರೆ ಮೀಟರ್ ಆಗಬೇಕು. ಉಗಿಯಂತ್ರದ ಸಿಲಿಂಡರಿಗೋ ಫಿರಂಗಿಯ ನಳಿಗೆಗೋ ಬೇಕಾಗುವ ಗಾತ್ರದ ಉರುಳೆಯನ್ನು ಯಾವ ಕಾರ್ಖಾನೆಯೂ ಎರಕ ಹೊಯ್ಯಲು ಒಪ್ಪಲಾರದು. ನಡುವೆ ಸನ್ನೆಗಳನ್ನು ಹಾಕಿ ಸಣ್ಣ ಕ್ಯಾಮ್‌ನಿಂದ ದೊಡ್ಡ ಚಲನೆ ಪಡೆಯಬಹುದು, ನಿಜ. ಆದರೆ ಸನ್ನೆ ಚಲನೆಯೊಂದಿಗೆ ಕ್ಯಾಮ್‌ನ ತಪ್ಪನ್ನೂ ಕೀಲುಗಳ ಸಡಿಲವನ್ನೂ ಅಷ್ಟೇ ಪಟ್ಟು ದೊಡ್ಡದಾಗಿಸುತ್ತದೆ. ಉದ್ದ ಬೋರಿಂಗ್‌ನಲ್ಲಿ ಸ್ಕ್ರೂ ಫೀಡ್ ಉಳಿದುಕೊಂಡದ್ದು ಹಳೆಯದರ ಮೇಲಿನ ವ್ಯಾಮೋಹದಿಂದಲ್ಲ ಎಂಬುದು ಇದರಿಂದ ಸ್ಪಷ್ಟ.

ಹಾಗಾದರೆ ಸಣ್ಣ ತೂತುಗಳ ಮಟ್ಟಿಗಾದರೂ ಕ್ಯಾಮನ್ನು ಸುಧಾರಿಸುತ್ತಲೇ ಹೋಗಬಹುದಲ್ಲವೇ? ಹೌದೆನ್ನುವವರು 19ನೇ ಶತಮಾನದ ಸಿದ್ಧಾಂತಿಗಳತ್ತ ನೋಡುತ್ತಾರೆ. ಕೇಂಬ್ರಿಡ್ಜ್‌ನ ರಾಬರ್ಟ್ ವಿಲಿಸ್ 1841ರಲ್ಲಿ, ಜರ್ಮನಿಯ ಫ್ರಾಂಟ್ಸ್ ರೂಲೋ 1875ರಲ್ಲಿ ಯಂತ್ರಗಳ ಚಲನೆಯನ್ನು ಶಾಸ್ತ್ರವಾಗಿ ಕಟ್ಟಿಕೊಟ್ಟರು. ಆಮೇಲೆ ಕ್ಯಾಮ್‌ನ ಅಂಚು ಕಮ್ಮಾರನ ಕಣ್ಣಳತೆಯ ವಿಷಯವಾಗಿ ಉಳಿಯಬೇಕಾಗಿರಲಿಲ್ಲ. ಕೊರೆಯುವ ಭಾಗದಲ್ಲಿ ಅಂಚು ಸಮವಾಗಿ ಏರಿದರೆ ಫೀಡ್ ಸಮವಾಗಿರುತ್ತದೆ. ಆದರೆ ಆ ಏರಿಕೆ ಆರಂಭವಾಗುವ ಮತ್ತು ಮುಗಿಯುವ ಜಾಗಗಳಲ್ಲಿ ವೇಗ ಒಮ್ಮೆಗೇ ಬದಲಾಗಿ ಪೆಟ್ಟು ಬೀಳುತ್ತದೆ. ಆ ಎರಡು ಮೂಲೆಗಳನ್ನು ನಯವಾದ ವಕ್ರವಾಗಿಸಿದರೆ ಪೆಟ್ಟು ತಗ್ಗುತ್ತದೆ, ಟೂಲ್ ತುದಿ ಉಳಿಯುತ್ತದೆ, ಯಂತ್ರ ಬೇಗ ಓಡಬಲ್ಲದು.

ಇದನ್ನು ಒಪ್ಪಿಯೂ ಎದುರು ಪಕ್ಷ ಎರಡು ಮಾತು ಸೇರಿಸುತ್ತದೆ. ಮೊದಲನೆಯದು, ಮೂಲೆ ನಯಗೊಳಿಸಲು ಸುತ್ತಿನ ಕೆಲವು ಡಿಗ್ರಿಗಳನ್ನು ಬಿಟ್ಟುಕೊಡಬೇಕು. ಅಷ್ಟರಮಟ್ಟಿಗೆ ಕೊರೆಯುವ ಭಾಗಕ್ಕೆ ಉಳಿಯುವ ಪಾಲು ಕಡಿಮೆ. ಕ್ಯಾಮ್ ಶಾಫ್ಟ್ ನಿಮಿಷಕ್ಕೆ ಒಂದೆರಡು ಸುತ್ತು ಹಾಕುವ ನಿಧಾನದ ಯಂತ್ರದಲ್ಲಿ ಈ ತ್ಯಾಗದಿಂದ ಸಿಗುವ ಲಾಭ ಅಲ್ಪ. ಎರಡನೆಯದು ಇನ್ನೂ ಮುಖ್ಯ. ಕಾಗದದ ಮೇಲಿನ ವಕ್ರವನ್ನು ಉಕ್ಕಿನ ಮೇಲೆ ಅಷ್ಟೇ ಕರಾರುವಾಕ್ಕಾಗಿ ಕಡೆಯಬಲ್ಲ ಯಂತ್ರಗಳು ಆಗ ವಿರಳ. ಅರದಿಂದ ಉಜ್ಜಿ ಸರಿಪಡಿಸಿದ ಕ್ಯಾಮ್‌ನಲ್ಲಿ ಉಳಿದ ಸಣ್ಣ ಉಬ್ಬು ಪ್ರತಿ ತೂತಿನಲ್ಲೂ ಗೆರೆಯಾಗಿ ಮೂಡುತ್ತದೆ. ಕೈಯಿಂದ ಆದ ತಪ್ಪು ಒಂದು ಜಾಬನ್ನು ಕೆಡಿಸಿದರೆ, ಕ್ಯಾಮ್‌ನ ತಪ್ಪು ಇಡೀ ದಿನದ ಕೆಲಸವನ್ನು ಕೆಡಿಸುತ್ತದೆ.

ರೂಲೋ ಗುರುತಿಸಿದ ಇನ್ನೊಂದು ಭೇದ ಈ ಚರ್ಚೆಯ ತಿರುಳಿಗೇ ಬರುತ್ತದೆ. ರೋಲರ್ ಕ್ಯಾಮನ್ನು ಬಿಡದಂತೆ ಹಿಡಿಯಲು ಎರಡು ದಾರಿಗಳಿವೆ. ಸ್ಪ್ರಿಂಗ್ ಅಥವಾ ತೂಕದ ಬಲದಿಂದ ಒತ್ತಿಹಿಡಿಯುವುದು ಒಂದು. ತೋಡಿನ ಎರಡು ಗೋಡೆಗಳ ನಡುವೆ ಸಿಕ್ಕಿಸಿ ಆಕಾರದಿಂದಲೇ ಕಟ್ಟಿಹಾಕುವುದು ಇನ್ನೊಂದು. ತೋಡಿನ ಕ್ಯಾಮ್‌ನಲ್ಲಿ ಟೂಲ್ ಹೇಳಿದ ಆಳಕ್ಕೆ ಹೋಗಿಯೇ ತೀರುತ್ತದೆ, ಹೇಳಿದ ಹೊತ್ತಿಗೆ ಹಿಂದೆ ಬಂದೇ ತೀರುತ್ತದೆ. ಅಳತೆಯ ಭರವಸೆ ಬೇಕಾದವರು ಇದನ್ನೇ ಬಯಸುವುದು ಸಹಜ. ಆದರೆ ಗಡಸು ಜಾಗ ಸಿಕ್ಕಾಗ ಇಂಥ ಯಂತ್ರದಲ್ಲಿ ಬಾಗುವುದಕ್ಕೆ ಏನೂ ಇರುವುದಿಲ್ಲ. ಟೂಲ್ ಮುರಿಯಬೇಕು, ಇಲ್ಲವೇ ರೋಲರ್ ಪಿನ್ ಮುರಿಯಬೇಕು. ಇದಕ್ಕೆ ಬದಲಾಗಿ ಮುಂದೆ ತಳ್ಳುವ ಬಲವನ್ನು ತೂಕಕ್ಕೆ ಬಿಟ್ಟು, ಕ್ಯಾಮ್ ಅದನ್ನು ತಡೆತಡೆದು ಬಿಡುವಂತೆ ಮಾಡಿದರೆ, ಗಡಸು ಜಾಗದಲ್ಲಿ ರೋಲರ್ ಕ್ಯಾಮನ್ನು ಬಿಟ್ಟು ಹಿಂದುಳಿಯುತ್ತದೆ. ಏನೂ ಮುರಿಯುವುದಿಲ್ಲ. ಆದರೆ ಆ ತೂತಿನ ಆಳ ಕಡಿಮೆಯಾಗಬಹುದು, ಯಾರಾದರೂ ಅಳೆದು ನೋಡುವವರೆಗೆ ಅದು ತಿಳಿಯುವುದಿಲ್ಲ. ಅಳತೆಯ ಖಾತರಿ ಒಂದು ಕಡೆ, ಯಂತ್ರದ ಸುರಕ್ಷತೆ ಇನ್ನೊಂದು ಕಡೆ. ಎರಡನ್ನೂ ಪೂರ್ಣವಾಗಿ ಕೊಡುವ ಕ್ಯಾಮ್ ಇಲ್ಲ.

ದುಡಿಮೆಯ ಪ್ರಶ್ನೆಯನ್ನು ಬಿಟ್ಟು ಈ ವಿಷಯ ಮುಗಿಯುವುದಿಲ್ಲ. ಚಾರ್ಲ್ಸ್ ಬ್ಯಾಬೇಜ್ 1832ರ ತಮ್ಮ ಗ್ರಂಥದಲ್ಲಿ, ಒಂದು ಮಾದರಿಯನ್ನು ಶ್ರಮಪಟ್ಟು ಮಾಡಿಕೊಂಡರೆ ಅದರಿಂದ ಅಸಂಖ್ಯ ಪ್ರತಿಗಳನ್ನು ಅಗ್ಗವಾಗಿ ಪಡೆಯಬಹುದೆಂಬ ತತ್ವವನ್ನು ವಿಸ್ತಾರವಾಗಿ ಚರ್ಚಿಸಿದರು. ಕ್ಯಾಮ್ ಆ ತತ್ವದ ನೇರ ಉದಾಹರಣೆ. ವಸ್ತು ಅಗ್ಗವಾಗುತ್ತದೆ, ಒಂದರ ಬಿಡಿಭಾಗ ಇನ್ನೊಂದಕ್ಕೆ ಹೊಂದುತ್ತದೆ, ಬೆನ್ನು ಮುರಿಯುವ ದುಡಿತ ತಪ್ಪುತ್ತದೆ, ವರ್ಷಗಳ ಶಿಷ್ಯವೃತ್ತಿ ಮಾಡಲಾಗದವನಿಗೂ ಕೆಲಸ ಸಿಗುತ್ತದೆ. ಇವು ಹಗುರ ಮಾಡಿ ನೋಡಬೇಕಾದ ಲಾಭಗಳಲ್ಲ.

ಮತ್ತೊಂದು ಕಡೆಯ ನೋವೂ ಅಷ್ಟೇ ನಿಜ. 1852ರ ಆರಂಭದಲ್ಲಿ ಇಂಗ್ಲೆಂಡಿನ ಎಂಜಿನಿಯರಿಂಗ್ ಮಾಲೀಕರು ಕಾರ್ಖಾನೆಗಳಿಗೆ ಬೀಗ ಹಾಕಿ ಕುಶಲಕರ್ಮಿಗಳ ಸಂಘದೊಂದಿಗೆ ತಿಂಗಳುಗಟ್ಟಲೆ ಸೆಣಸಿದರು. ಸಂಘದ ಬೇಡಿಕೆಗಳಲ್ಲಿ ಓವರ್‌ಟೈಮ್, ತುಂಡುಗೂಲಿಗಳ ವಿರೋಧದ ಜೊತೆಗೆ ಸ್ವಯಂಚಾಲಿತ ಯಂತ್ರಗಳಿಗೆ ಕಸುಬು ಕಲಿಯದವರನ್ನು ನೇಮಿಸುವುದರ ವಿರೋಧವೂ ಸೇರಿತ್ತು. ಏಳು ವರ್ಷ ಗುರುವಿನ ಕೈಕೆಳಗೆ ಕಲಿತ ಕಸುಬು ಒಂದು ಲೋಹದ ಬಿಲ್ಲೆಯಲ್ಲಿ ಸೇರಿಹೋದಾಗ ಕಲಿತವನ ಕೂಲಿ, ಮರ್ಯಾದೆ ಎರಡೂ ಕುಸಿಯುತ್ತವೆ. ಅದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಹಾನಿಯೂ ಇದೆ: ಕೈಯಲ್ಲಿ ಕೊರೆದು ಅನುಭವ ಪಡೆದವರೇ ಇಲ್ಲದಾದರೆ ಮುಂದಿನ ಕ್ಯಾಮನ್ನು ಹೇಗೆ ರೂಪಿಸಬೇಕೆಂದು ಹೇಳುವವರೂ ಇಲ್ಲದಾಗುತ್ತಾರೆ.

ಈ ಎರಡು ಕಡೆಗಳ ನಡುವೆ ಕ್ರಿಸ್ಟೋಫರ್ ಸ್ಪೆನ್ಸರ್‌ರ ಕೆಲಸ ವಿಶೇಷ ಗಮನಕ್ಕೆ ಅರ್ಹ. ಅಮೆರಿಕದ ಕನೆಕ್ಟಿಕಟ್‌ನ ಈ ಬಂದೂಕು ತಯಾರಕರು 1873ರಲ್ಲಿ ಸ್ವಯಂಚಾಲಿತ ಸ್ಕ್ರೂ ಯಂತ್ರಕ್ಕೆ ಪೇಟೆಂಟ್ ಪಡೆದರು. 1876ರಲ್ಲಿ ಹಾರ್ಟ್‌ಫರ್ಡ್ ಮೆಷಿನ್ ಸ್ಕ್ರೂ ಕಂಪನಿ ಆರಂಭವಾಯಿತು. ಸರಳನ್ನು ಮುಂದೆ ತರುವುದು, ಹಿಡಿಯುವುದು, ಕಡೆಯುವುದು, ಕೊರೆಯುವುದು, ಕತ್ತರಿಸುವುದು ಎಲ್ಲವೂ ಅದರಲ್ಲಿ ಕ್ಯಾಮ್‌ನಿಂದ ನಡೆಯುತ್ತಿದ್ದವು. ಆದರೆ ಸ್ಪೆನ್ಸರ್ ಜಾಬಿಗೊಂದು ಕ್ಯಾಮ್ ಕಡೆಯಲಿಲ್ಲ. ನುಣುಪಾದ ಉರುಳೆಯ ಮೇಲೆ ಬೇಕಾದ ಓರೆಯಲ್ಲಿ ಲೋಹದ ಪಟ್ಟಿಗಳನ್ನು ಸ್ಕ್ರೂ ಹಾಕಿ ಕೂರಿಸಿದರು. ಜಾಬ್ ಬದಲಾದರೆ ಪಟ್ಟಿಗಳ ಜಾಗ ಬದಲಾಯಿಸಿದರಾಯಿತು. ಈ ಉರುಳೆಗೆ ಯಂತ್ರದ ಮಿದುಳು ಎಂಬರ್ಥದ ಹೆಸರು ಬಂತು. ಪೇಟೆಂಟ್ ವಕೀಲರ ಲೋಪದಿಂದ ಇಡೀ ಯಂತ್ರದಲ್ಲಿ ಅತಿ ಬೆಲೆಬಾಳುವ ಈ ಭಾಗಕ್ಕೇ ಹಕ್ಕು ಸಿಗಲಿಲ್ಲ. ಉಳಿದ ತಯಾರಕರು ಅದನ್ನು ಮುಕ್ತವಾಗಿ ಬಳಸಿಕೊಂಡರು. ಸ್ಪೆನ್ಸರ್‌ಗೆ ಅದು ನಷ್ಟ, ಉದ್ಯಮಕ್ಕೆ ಲಾಭ.

ಪಟ್ಟಿಯ ಕ್ಯಾಮೇ ಕೊನೆಯ ಉತ್ತರವೇ ಎಂದರೆ ಅಲ್ಲೂ ಭಿನ್ನಮತಕ್ಕೆ ಎಡೆಯಿದೆ. ಮುಂದೆ ಪ್ರಾವಿಡೆನ್ಸ್‌ನ ಬ್ರೌನ್ ಆಂಡ್ ಶಾರ್ಪ್ ಕಂಪನಿಯ ಆಟೋಮ್ಯಾಟಿಕ್‌ಗಳು ಜಾಬಿಗೆ ತಕ್ಕಂತೆಯೇ ಕಡೆದ ಬಿಲ್ಲೆ ಕ್ಯಾಮ್‌ಗಳ ದಾರಿ ಹಿಡಿದವು. ಒಂದೇ ತುಣುಕು ಲಕ್ಷಗಟ್ಟಲೆ ಬೇಕಾದಾಗ ಅದಕ್ಕೆಂದೇ ಕಡೆದ ಕ್ಯಾಮ್ ಒಂದು ಕ್ಷಣವನ್ನೂ ಪೋಲು ಮಾಡದು; ಮೊದಲ ಖರ್ಚು ಲಕ್ಷ ತುಣುಕುಗಳಲ್ಲಿ ಹಂಚಿಹೋಗುತ್ತದೆ. ಇನ್ನೂರು, ಮುನ್ನೂರು ತುಣುಕುಗಳ ಆರ್ಡರಿಗೆ ಅದೇ ಕ್ಯಾಮ್ ಹೊರೆ. ಪಟ್ಟಿಯ ಕ್ಯಾಮ್ ಬೇಗ ಬದಲಾಗುತ್ತದೆ, ಆದರೆ ಪಟ್ಟಿಯ ಕೀಲು, ಜೋಡಣೆಗಳಲ್ಲಿ ನಿಖರತೆ ಒಂದಿಷ್ಟು ಸೋರುತ್ತದೆ. ಯಾವುದು ಮೇಲು ಎಂಬುದನ್ನು ಆರ್ಡರಿನ ಗಾತ್ರ ಹೇಳಬೇಕೇ ಹೊರತು ತತ್ವ ಹೇಳಲಾರದು.

ಈ ಲೆಕ್ಕಾಚಾರ ನಮ್ಮಲ್ಲಿ ಹಳತಾಗಿಲ್ಲ. ಬೆಂಗಳೂರಿನ ಪೀಣ್ಯದ ಸಣ್ಣ ವರ್ಕ್‌ಶಾಪ್‌ಗಳಲ್ಲಿ ಟ್ರಾಬ್ ಎಂದೇ ಹೆಸರಾದ ಕ್ಯಾಮ್ ಆಟೋಮ್ಯಾಟಿಕ್ ಲೇತುಗಳು ಕಂಪ್ಯೂಟರ್ ನಿಯಂತ್ರಿತ ಸಿಎನ್‌ಸಿ ಯಂತ್ರಗಳ ನಡುವೆಯೂ ಬಾಳಿವೆ. ಒಂದೇ ಬಗೆಯ ಹಿತ್ತಾಳೆ ಬುಷ್, ಪಿನ್‌ಗಳನ್ನು ದಂಡಿಯಾಗಿ ಮಾಡುವಲ್ಲಿ ಕ್ಯಾಮ್ ಇನ್ನೂ ಅನ್ನ ಕೊಡುತ್ತದೆ. ಜಾಬ್ ಆಗಾಗ ಬದಲಾಗುವಲ್ಲಿ ಸಿಎನ್‌ಸಿ ಗೆಲ್ಲುತ್ತದೆ. ಕ್ಯಾಮ್ ಯಂತ್ರಗಳನ್ನು ನಡೆಸುವಲ್ಲಿ, ಅವನ್ನು ಜಾಬಿಗೆ ತಕ್ಕಂತೆ ಹೊಂದಿಸಿಡುವ ಸೆಟ್ಟರ್‌ಗೆ ಇರುವ ಬೆಲೆ ಇನ್ನೊಂದು ಸತ್ಯವನ್ನೂ ತಿಳಿಸುತ್ತದೆ. ಕ್ಯಾಮ್ ಕಸುಬನ್ನು ಅಳಿಸಲಿಲ್ಲ, ಕೊರೆಯುವವನ ಕೈಯಿಂದ ಸೆಟ್ ಮಾಡುವವನ ಕೈಗೆ ದಾಟಿಸಿತು. ದಾಟುವಾಗ ಆ ಕಸುಬು ಬಲ್ಲವರ ಸಂಖ್ಯೆ ಮಾತ್ರ ಕಡಿಮೆಯಾಯಿತು.

ಎರಡೂ ಕಡೆಯ ಮಾತುಗಳನ್ನು ತೂಗಿದ ಮೇಲೆ ಒಂದು ನಡುದಾರಿಯತ್ತ ವಾಲುವುದು ತಕ್ಕದ್ದೆಂದು ತೋರುತ್ತದೆ, ಅದೂ ಕೆಲವು ಷರತ್ತುಗಳೊಂದಿಗೆ. ತೂತು ಗಿಡ್ಡವಾಗಿದ್ದು, ಲೋಹದ ಗುಣ ಒಂದೇ ಸಮನಿದ್ದು, ತುಣುಕುಗಳು ಬಹಳ ಬೇಕಾದಾಗ ಕ್ಯಾಮ್‌ಗೆ ಕೆಲಸ ಒಪ್ಪಿಸುವುದು ಸರಿ. ಉದ್ದ ಬೋರಿಂಗಿಗೆ, ಬಿಡಿ ಕೆಲಸಕ್ಕೆ, ಗುಣ ನಂಬಲಾಗದ ಎರಕಕ್ಕೆ ಸ್ಕ್ರೂ, ತೂಕ, ಕೈ ಇವೇ ವಾಸಿ. ಕ್ಯಾಮ್ ಬಳಸುವಲ್ಲಿಯೂ ಟೂಲಿನ ದಾರಿ, ಸರದಿ, ಆಳಗಳನ್ನು ಅದು ನಿರ್ಧರಿಸಲಿ. ಬಲ ಮಿತಿಮೀರಿದಾಗ ತಗ್ಗುವ ಒಂದು ಅಂಗ ನಡುವೆ ಇರಲಿ, ತಗ್ಗಿದ್ದು ಕಣ್ಣಿಗೆ ಬೀಳುವಂತೆಯೂ ಇರಲಿ. ಅಂಚಿನ ವಕ್ರವನ್ನು ನಯಗೊಳಿಸಿದ್ದು ಒಳ್ಳೆಯ ಸುಧಾರಣೆ. ಆದರೂ ಆ ನೂರು ವರ್ಷಗಳ ಸುಧಾರಣೆಗಳಲ್ಲಿ ಹಿರಿದು ಯಾವುದೆಂದು ಕೇಳಿದರೆ, ಬದಲಾಯಿಸಬಹುದಾದ ಪಟ್ಟಿಯನ್ನೇ ಹೆಸರಿಸಬೇಕಾಗುತ್ತದೆ. ಯಂತ್ರಕ್ಕೆ ಕೆಲಸ ಒಪ್ಪಿಸಿದ ಮೇಲೂ ತಿದ್ದುವ ಅಧಿಕಾರ ಮನುಷ್ಯನಲ್ಲಿ ಉಳಿಯುವಂತೆ ಮಾಡಿದ್ದು ಅದು. ಆ ಅಧಿಕಾರ ಬರಿಯ ಹೆಸರಿಗೆ ಉಳಿಯಬಾರದೆಂದರೆ ಯಂತ್ರ ಕೊಳ್ಳುವವರು ಸೆಟ್ಟರ್‌ಗಳ ತರಬೇತಿಯನ್ನೂ ಯಂತ್ರದ ಬೆಲೆಯೊಳಗೇ ಸೇರಿಸಿ ಲೆಕ್ಕ ಹಾಕಬೇಕು.